ನಮ್ಮಮ್ಮನ ಹತ್ರಾನೂ ಕಾಗದ ಇತ್ತು

ಈಚೆಗೆ ನನಗೆ ಅಮೆರಿಕದ ಪೌರತ್ವ ಸಿಕ್ಕಿತು. ಕೇಸರಿಬಾತ್ ಮಾಡಿ ಪಕ್ಕದ ಮನೆ ಅಜ್ಜಿಗೂ ಕೊಟ್ಟೆ. ಅವರದು ಜಪಾನಿ ಮೂಲ. ಡಬ್ಬಿ ತೆಗೆದುಕೊಂಡು, "ತುಂಬಾ ಸಂತೋಷ ಕಣಮ್ಮ. ಕಾಗದ ಜೋಪಾನ. ನಮ್ಮಮ್ಮನ ಹತ್ರಾನೂ ಇತ್ತು" ಅಂದರು. ನಗುತ್ತಲೇ ಅಂದರು. ನನಗೆ ಚುರುಕ್ ಅಂತು.

ಅವರಮ್ಮ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲೇ, ಅಂದರೆ ಹುಟ್ಟಿನಿಂದಲೇ ಇಲ್ಲಿನ ಪ್ರಜೆ. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರುವರಿಯಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರಲ್ಲಿ ಜಪಾನಿಯರ ಹೆಸರೇ ಇಲ್ಲ. ಸೇನೆ ಗುರುತಿಸಿದ ಜಾಗಗಳಿಂದ ಯಾರನ್ನು ಬೇಕಾದರೂ ಹೊರಗೆ ಹಾಕಬಹುದು, ಅಷ್ಟೇ. ಜಪಾನಿ ಮೂಲದ ಸುಮಾರು 1,20,000 ಜನ ಬಂಧನದ ಕ್ಯಾಂಪು ಸೇರಿದರು. ಮೂರರಲ್ಲಿ ಎರಡು ಪಾಲು ಇಲ್ಲಿನ ಪ್ರಜೆಗಳೇ! ಅಜ್ಜಿಯ ಅಮ್ಮನನ್ನು ಮೊದಲು ಇಟ್ಟಿದ್ದು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ. ಗೋಡೆಗೆ ಅಂಟಿದ್ದ ಹುಲ್ಲು, ಕೂದಲು ಕೂಡ ಕೆರೆಯದೆ ಮೇಲೆಯೇ ಸುಣ್ಣ ಬಳಿದಿದ್ದರಂತೆ. ಆ ಜಾಗದಲ್ಲಿ ಆಮೇಲೆ ಮಾಲ್ ಬಂತು. ಮಗಳಿಗೆ ಶೂ ಕೊಡಿಸಿದ್ದು ಅಲ್ಲೇ.

ಓಕ್ಲೆಂಡಿನ ಫ್ರೆಡ್ ಕೊರೆಮಾಟ್ಸು ಅನ್ನೋ ವೆಲ್ಡರ್ ಹುಡುಗ ನಾನು ಹೋಗಲ್ಲ ಅಂದ. ಅರೆಸ್ಟ್ ಆಯಿತು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1944ರಲ್ಲಿ 6-3ರಲ್ಲಿ ಸೋತ. ಒಪ್ಪದ ಮೂವರಲ್ಲಿ ಜಸ್ಟಿಸ್ ಜಾಕ್ಸನ್ ಒಬ್ಬರು. ಸೇನೆಯ ಆದೇಶ ಯುದ್ಧದ ಜೊತೆ ಮುಗಿಯುತ್ತೆ. ಕೋರ್ಟು ಅದನ್ನು ಸರಿ ಅಂದರೆ ಅದು ಗುಂಡು ತುಂಬಿದ ಬಂದೂಕಿನ ಹಾಗೆ ಬಿದ್ದಿರುತ್ತೆ, ತುರ್ತು ಅಂತ ನೆಪ ಹೇಳುವ ಯಾರ ಕೈಗಾದರೂ ಸಿಗುತ್ತೆ ಅಂತ ಅವರು ಬರೆದರು. ಕೊರಿಯಾ ಯುದ್ಧದ ಹೊತ್ತಲ್ಲಿ, 1952ರಲ್ಲಿ, ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ ಇದೇ ಕೋರ್ಟು ಆಗಲ್ಲ ಅಂತು. ಅದೂ 6-3. ಕಾರ್ಖಾನೆ ಮಾಲೀಕರಿಗೆ ಇದ್ದ ಅದೃಷ್ಟ ಕುದುರೆ ಲಾಯದವರಿಗೆ ಇರಲಿಲ್ಲ ಅನ್ನಿ.

ಸರ್ಕಾರ ತನ್ನದೇ ಗುಪ್ತಚರ ವರದಿಗಳನ್ನು ಮುಚ್ಚಿಟ್ಟಿತ್ತು ಅಂತ ಬಯಲಾದ ಮೇಲೆ, 1983ರಲ್ಲಿ ಕೊರೆಮಾಟ್ಸು ಶಿಕ್ಷೆ ರದ್ದಾಯಿತು. ಹಳೆಯ ತೀರ್ಪು ಮೊದಲ ದಿನದಿಂದಲೂ ತಪ್ಪು ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹೇಳಿದ್ದು 2018ರಲ್ಲಿ. ಎಲ್ಲಿ ಗೊತ್ತಾ? ಕೆಲವು ದೇಶದವರು ಬರಬಾರದು ಅಂದ ಟ್ರಂಪ್ ಆದೇಶವನ್ನು ಎತ್ತಿಹಿಡಿದ ತೀರ್ಪಿನಲ್ಲೇ.

ಜನವರಿ 30 ಇಲ್ಲಿ ಕೊರೆಮಾಟ್ಸು ದಿನ. ಶಾಲೆಯಲ್ಲಿ ಪಾಠ ಕೇಳಿ ಬಂದ ಮಗಳು, "ಅಮ್ಮ, ಇಂಡಿಯಾದಲ್ಲಿ ಇಂಥದ್ದು ಯಾರ ದಿನ?" ಅಂದಳು.

ನ್ಯಾಯಮೂರ್ತಿ ಖನ್ನಾ ಅಂತ ಹೇಳಬಹುದಿತ್ತು. ನಾನು ಆ ಹೆಸರು ಕೇಳಿದ್ದೇ ಮದುವೆ ಆದಮೇಲೆ. ಶಾಲೆಯಲ್ಲಿ ತುರ್ತು ಪರಿಸ್ಥಿತಿ ಅಂದರೆ ಒಂದು ಟಿಪ್ಪಣಿ. ಆಗ ವಿಚಾರಣೆ ಇಲ್ಲದೆ ಜೈಲು ಸೇರಿದವರು ಕೋರ್ಟಿಗೆ ಬರಬಹುದು ಅಂತ ನಮ್ಮ ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4-1ರಲ್ಲಿ ಬರುವಂತಿಲ್ಲ ಅಂತು. ಒಪ್ಪದ ಆ ಒಬ್ಬರೇ ಎಚ್.ಆರ್. ಖನ್ನಾ. ಪೊಲೀಸನೊಬ್ಬ ಸುಮ್ನೆ ಯಾರನ್ನೋ ಕೊಂದರೂ ಕೋರ್ಟಿನಲ್ಲಿ ಪರಿಹಾರ ಇಲ್ಲವಾ ಅಂತ ಅವರು ಕೇಳಿದ್ದರು. ತಮ್ಮ ವಾದದ ಪ್ರಕಾರ ಇಲ್ಲ ಅಂದರು ಅಟಾರ್ನಿ ಜನರಲ್. ಮರುವರ್ಷ ಖನ್ನಾರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಅವರು ರಾಜೀನಾಮೆ ಕೊಟ್ಟರು.

ಆ ತೀರ್ಪು ಅಳಿಸಿಹೋಗಿದ್ದು 2017ರ ಖಾಸಗಿತನದ ಕೇಸಿನಲ್ಲಿ. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದನ್ನು ಮಗಳಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಅದೇ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾವ, "ದೇಶದ ಭದ್ರತೆ ಅಂದಮೇಲೆ ಕೋರ್ಟಿಗೇನು ಕೆಲಸ?" ಅಂತ ಹಾಕಿದ್ದರು. ಹೆಬ್ಬೆರಳು ಒತ್ತಿದವರೇ ಜಾಸ್ತಿ.

ವಾಜಪೇಯಿ, ಅಡ್ವಾಣಿ, ದಂಡವತೆ ಅವರನ್ನೆಲ್ಲ ತುರ್ತು ಪರಿಸ್ಥಿತಿಯಲ್ಲಿ ಇಟ್ಟಿದ್ದ ಬೆಂಗಳೂರಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಅಲ್ಲಿ ಏನು ಮಾಡ್ತಾರೆ ಅಂತ ಮಗಳು ಕೇಳಿದಳು. ಧರಣಿ ಮಾಡ್ತಾರೆ ಅಂದೆ. ಊರಲ್ಲಿ ಬೇರೆ ಕಡೆ ಮಾಡಲು ಪೊಲೀಸರು ಬಿಡಲ್ಲ ಅನ್ನೋದನ್ನೂ ಹೇಳಬೇಕಾಯಿತು.