ಮುನ್ನೂರು ರೂಪಾಯಿಯ ಟಿಕೆಟ್ ಎಲ್ಲಿ ಹೋಯಿತು?

ಕರಾವಳಿಯ ಸಂಗೀತಪ್ರಿಯರಿಗೆ ಈಗ ಎರಡು ತುದಿಗಳು ಮಾತ್ರ ಉಳಿದಿವೆ ಎಂದು ನನಗೆ ಅನ್ನಿಸತೊಡಗಿ ಬಹಳ ಕಾಲವಾಯಿತು. ಒಂದು ತುದಿಯಲ್ಲಿ ಜಾತ್ರೆಯ ರಸಮಂಜರಿ, ಉಡುಪಿಯ ರಾಜಾಂಗಣದ ಕಛೇರಿ, ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಇವೆ. ಅಲ್ಲೆಲ್ಲ ಒಂದು ರೂಪಾಯಿಯನ್ನೂ ಕೊಡದೆ ನಾಡಿನ, ದೇಶದ ಹೆಸರಾಂತ ಕಲಾವಿದರನ್ನು ಕುಳಿತು ಕೇಳಬಹುದು. ಇನ್ನೊಂದು ತುದಿಯಲ್ಲಿ ಬೆಂಗಳೂರು, ಮುಂಬೈಗಳ ಮೈದಾನಗಳಲ್ಲಿ ನಡೆಯುವ ಕಾರ್ಯಕ್ರಮಗಳಿವೆ. ಅಲ್ಲಿ ವೇದಿಕೆ ಕಣ್ಣಿಗೆ ಸರಿಯಾಗಿ ಕಾಣುವ ಜಾಗ ಬೇಕೆಂದರೆ ಒಬ್ಬ ವಿದ್ಯಾರ್ಥಿಯ ತಿಂಗಳ ಖರ್ಚಿಗಿಂತ ಹೆಚ್ಚು ಹಣ ತೆರಬೇಕು. ಇವೆರಡರ ನಡುವೆ ಇದ್ದ, ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಸಂಜೆಗೊಂದು ಹಾಲ್‌ನಲ್ಲಿ ಕುಳಿತು ಹಾಡು ಕೇಳಿ ಮನೆಗೆ ಮರಳುವ ಸಾಧಾರಣ ಟಿಕೆಟ್ ಕಣ್ಮರೆಯಾಗುತ್ತಿದೆ. ದೊಡ್ಡ ಕಾರ್ಯಕ್ರಮಗಳ ದರ ಏರಿದ್ದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಏರಿಕೆಯಷ್ಟೇ ನನ್ನನ್ನು ಕಾಡುವುದು ಈ ನಡುವಿನ ಟಿಕೆಟ್ ಇಲ್ಲವಾಗುತ್ತಿರುವುದು.

ದರದ ವಿಚಾರವನ್ನೇ ಮೊದಲು ನೋಡೋಣ. ಕೋಲ್ಡ್‌ಪ್ಲೇ ತಂಡ 2025ರ ಜನವರಿಯಲ್ಲಿ ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೂರು ದಿನ ಹಾಡಿದ ಕಾರ್ಯಕ್ರಮದ ಟಿಕೆಟ್‌ಗಳು 2024ರ ಸೆಪ್ಟೆಂಬರ್ 22ರಂದು ಮಾರಾಟಕ್ಕೆ ಬಂದಾಗ ದರ 2,500 ರೂಪಾಯಿಯಿಂದ ಆರಂಭವಾಗಿ 35,000 ರೂಪಾಯಿಯವರೆಗೆ ಇತ್ತು. ಅಂದು ಟಿಕೆಟ್ ಮಾರುತ್ತಿದ್ದ ಬುಕ್‌ಮೈಶೋ ಜಾಲತಾಣಕ್ಕೆ ಬಂದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತೆಂದು ವರದಿಯಾಯಿತು. ಟಿಕೆಟ್ ಮುಗಿದ ಕೆಲವೇ ಗಂಟೆಗಳಲ್ಲಿ ಅವೇ ಟಿಕೆಟ್‌ಗಳು ಮರುಮಾರಾಟದ ತಾಣಗಳಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡವು. ಕೆಲವಕ್ಕೆ ಲಕ್ಷ ರೂಪಾಯಿ ದಾಟಿದ ಬೆಲೆಯನ್ನೂ ನಮೂದಿಸಲಾಗಿತ್ತು. ಇದೇ ಕಾರ್ಯಕ್ರಮ ಮತ್ತು ಗಾಯಕ ದಿಲ್ಜಿತ್ ದೊಸಾಂಜ್ ಅವರ ಪ್ರವಾಸದ ಟಿಕೆಟ್‌ಗಳ ಕಾಳಸಂತೆಯ ಬಗ್ಗೆ ಜಾರಿ ನಿರ್ದೇಶನಾಲಯ ಹಲವು ನಗರಗಳಲ್ಲಿ ಶೋಧ ನಡೆಸಿತು. ಕಾಳಸಂತೆಯನ್ನು ತಡೆಯಲು ನಿಯಮ ರೂಪಿಸಬೇಕೆಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಕಾನೂನು ಮಾಡುವುದು ಶಾಸಕಾಂಗಕ್ಕೆ ಬಿಟ್ಟ ವಿಚಾರವೆಂಬುದು ನ್ಯಾಯಾಲಯದ ನಿಲುವಾಗಿತ್ತು. ಶಾಸಕಾಂಗ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದೇ ನನ್ನ ಬಲವಾದ ಆಗ್ರಹ.

ಬೆಲೆ ಎಂದರೆ ಜಾಹೀರಾತಿನಲ್ಲಿ ಕಾಣುವ ಮೊತ್ತ ಮಾತ್ರ ಎಂದು ತಿಳಿಯಬಾರದು. ಮಣಿಪಾಲದಲ್ಲಿ ಓದುತ್ತಿರುವ ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ಸಿನಿಮಾ ಸಂಗೀತದ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆಯಲು ಕುಳಿತಾಗ ನಾನು ಪಕ್ಕದಲ್ಲೇ ಇದ್ದೆ. ಪರದೆಯ ಮೇಲೆ ಅವಳ ಸರದಿಯ ಸಂಖ್ಯೆ ನಿಧಾನವಾಗಿ ಇಳಿಯುತ್ತಿತ್ತು. ಸರದಿ ಬಂದಾಗ ಅವಳು ಅಂದುಕೊಂಡಿದ್ದ ಹಿಂದಿನ ವಿಭಾಗದ ಟಿಕೆಟ್‌ಗಳು ಮುಗಿದಿದ್ದವು. ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ವಿಭಾಗದ ಬಣ್ಣ ಮಾತ್ರ ನಕ್ಷೆಯಲ್ಲಿ ಉಳಿದಿತ್ತು. ಅದನ್ನು ಆಯ್ದುಕೊಂಡ ಕೂಡಲೇ ಮೇಲ್ಗಡೆ ಗಡಿಯಾರದ ಅಂಕಿಗಳು ಇಳಿಯಲು ಶುರುವಾದವು. ಕೊನೆಯ ಪುಟಕ್ಕೆ ಬಂದಾಗ ಕನ್ವೀನಿಯನ್ಸ್ ಫೀ, ಅದರ ಮೇಲಿನ ಜಿಎಸ್‌ಟಿ ಎಂದೆಲ್ಲ ಸೇರಿ ಮೊತ್ತ ಇನ್ನಷ್ಟು ಏರಿತ್ತು. ಯೋಚಿಸಲು ಸಮಯವಿರಲಿಲ್ಲ. "ಬೇಡ ಅಣ್ಣ, ಇಷ್ಟು ಅಪ್ಪನ ಹತ್ರ ಕೇಳ್ಲಿಕ್ಕೆ ಆಗುದಿಲ್ಲ" ಎಂದು ಅವಳು ಪುಟವನ್ನು ಮುಚ್ಚಿದಳು. ಆ ಗಾಯಕರ ಹಾಡುಗಳನ್ನು ಹೈಸ್ಕೂಲಿನ ದಿನಗಳಿಂದ ಬಾಯಿಪಾಠ ಮಾಡಿಕೊಂಡ ಹುಡುಗಿ ಅವಳು. ಪೂರ್ತಿ ಬೆಲೆಯನ್ನು ಮೊದಲ ಪುಟದಲ್ಲೇ ತೋರಿಸದೆ, ಗಡಿಯಾರ ಓಡುತ್ತಿರುವಾಗ ಕೊನೆಯ ಪುಟದಲ್ಲಿ ತೋರಿಸುವುದು ಕೇಳುಗರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಇನ್ನು ನಮ್ಮ ಊರಿನವರಿಗೆ ಟಿಕೆಟ್ ಎಂಬುದು ಖರ್ಚಿನ ಅರ್ಧ ಭಾಗ ಮಾತ್ರ. ವಾರಾಂತ್ಯದಲ್ಲಿ ಉಡುಪಿ ಅಥವಾ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬಸ್ಸಿನ ಒಂದು ಬದಿಯ ದರವೇ ಸಾವಿರವನ್ನು ಸುಲಭವಾಗಿ ದಾಟುತ್ತದೆ. ರಜೆ ಹೊಂದಿಕೊಂಡಿದ್ದರೆ ಇನ್ನೂ ಮೇಲೆ. ಬಯಲಿನ ಕಾರ್ಯಕ್ರಮಗಳು ಧ್ವನಿವರ್ಧಕದ ನಿಯಮದಿಂದಾಗಿ ರಾತ್ರಿ 10 ಗಂಟೆಗೆ ಮುಗಿಯಬೇಕು. ಸಾವಿರಾರು ಜನ ಒಟ್ಟಿಗೆ ಮೈದಾನದಿಂದ ಹೊರಬಂದು ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಘಟ್ಟ ಇಳಿಯುವ ಕೊನೆಯ ಬಸ್ಸುಗಳು ಹೊರಟಿರುತ್ತವೆ. ಎಡ್ ಶೀರನ್ 2025ರ ಫೆಬ್ರುವರಿಯಲ್ಲಿ ಹಾಡಿದ ಮಾದಾವರದ ನೈಸ್ ಮೈದಾನದಂತಹ ಜಾಗವಾದರೆ ತುಮಕೂರು ರಸ್ತೆಯಲ್ಲೇ ಮಂಗಳೂರಿನ ಬಸ್ಸನ್ನು ಹಿಡಿಯಬಹುದು ಎಂಬುದೊಂದು ಅನುಕೂಲ; ನಗರದ ಇನ್ನೊಂದು ತುದಿಯಲ್ಲಾದರೆ ಲಾಡ್ಜಿನ ಖರ್ಚೂ ಸೇರುತ್ತದೆ. ಮುಂಬೈಗಾದರೆ ಮತ್ಸ್ಯಗಂಧ ರೈಲು ಇದೆ, ಆದರೆ ಟಿಕೆಟ್ ಪ್ರಕಟವಾದ ದಿನವೇ ರೈಲಿನ ಸೀಟನ್ನೂ ಕಾದಿರಿಸಬೇಕು, ಎರಡು ಮೂರು ದಿನದ ರಜೆಯನ್ನೂ ಹಾಕಬೇಕು. ನಗರದವರಿಗೆ ನಾಲ್ಕು ಸಾವಿರದ ಸಂಜೆಯಾದದ್ದು ನಮಗೆ ಎಂಟು ಒಂಬತ್ತು ಸಾವಿರದ ಪ್ರವಾಸವಾಗುತ್ತದೆ.

ದರ ಏರಿದ್ದೇಕೆ ಎಂಬುದಕ್ಕೆ ಕಲಾವಿದರ ದುರಾಸೆಯೇ ಕಾರಣವೆಂದು ಹೇಳಿ ಮುಗಿಸುವುದು ಸರಿಯಲ್ಲ. ಕ್ಯಾಸೆಟ್ ಮತ್ತು ಸಿ.ಡಿ.ಗಳ ಕಾಲದಲ್ಲಿ ದೊಡ್ಡ ತಂಡಗಳಿಗೆ ಮುದ್ರಿತ ಸಂಗೀತದಿಂದಲೇ ಒಳ್ಳೆಯ ಆದಾಯ ಬರುತ್ತಿತ್ತು, ವೇದಿಕೆಯ ಪ್ರವಾಸಗಳು ಆ ಮಾರಾಟಕ್ಕೆ ಪ್ರಚಾರವಾಗಿಯೂ ಒದಗುತ್ತಿದ್ದವು. 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಸೇವೆ ಬಂದು ಹಾಡುಗಳು ಅಂತರ್ಜಾಲದಲ್ಲಿ ಪುಕ್ಕಟೆ ಹರಿದಾಡತೊಡಗಿದ ಮೇಲೆ ಆ ಮಾರಾಟ ಕುಸಿಯಿತು. ಮುಂದೆ ಬಂದ ಸ್ಟ್ರೀಮಿಂಗ್ ಸೇವೆಗಳು ಒಂದು ಸಲ ಕೇಳಿದ್ದಕ್ಕೆ ಕೊಡುವ ಮೊತ್ತ ಬಹಳ ಅಲ್ಪ. ಹಾಗಾಗಿ ದುಡಿಮೆಯ ಭಾರವೆಲ್ಲ ವೇದಿಕೆಯ ಮೇಲೆ ಬಿತ್ತು. ಅದರ ಜೊತೆಗೆ ವೇದಿಕೆಯೇ ದುಬಾರಿಯಾಯಿತು: ಬೃಹತ್ ಎಲ್‌ಇಡಿ ಪರದೆಗಳು, ಬೆಳಕು, ಸೌಂಡ್ಸ್, ಸಾಗಣೆ, ವಿಮೆ, ನೂರಾರು ತಂತ್ರಜ್ಞರ ಸಂಬಳ. ಜಗತ್ತಿನ ಅತಿದೊಡ್ಡ ನೂರು ಸಂಗೀತ ಪ್ರವಾಸಗಳ ಲೆಕ್ಕವಿಡುವ ಪೋಲ್‌ಸ್ಟಾರ್ ಪತ್ರಿಕೆಯ ಪ್ರಕಾರ 1996ರಲ್ಲಿ ಸರಾಸರಿ ಟಿಕೆಟ್ ದರ ಸುಮಾರು 26 ಡಾಲರ್ ಇದ್ದದ್ದು 2024ರ ಹೊತ್ತಿಗೆ 130 ಡಾಲರನ್ನು ದಾಟಿತ್ತು. ಸಾಮಾನ್ಯ ಬೆಲೆಯೇರಿಕೆಯ ಲೆಕ್ಕ ತೆಗೆದರೂ ಇದು ಬಹಳ ದೊಡ್ಡ ಜಿಗಿತ.

ಇಷ್ಟನ್ನು ಒಪ್ಪಬಹುದು. ಒಪ್ಪಲಾಗದ್ದು ಮಾರುವ ರೀತಿ. ಅಮೆರಿಕದಲ್ಲಿ ಕಾರ್ಯಕ್ರಮ ಏರ್ಪಡಿಸುವ ಲೈವ್ ನೇಷನ್ ಮತ್ತು ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ 2010ರಲ್ಲಿ ಒಂದಾದವು. ಸಭಾಂಗಣ, ಸಂಘಟನೆ, ಟಿಕೆಟ್ ಮಾರಾಟ ಎಲ್ಲವೂ ಒಂದೇ ಸೂರಿನಡಿ ಬಂದರೆ ಕೇಳುಗನಿಗೆ ಬೇರೆ ದಾರಿಯೇ ಉಳಿಯುವುದಿಲ್ಲ ಎಂಬ ಕಾರಣಕ್ಕಾಗಿಯೇ ಅಲ್ಲಿನ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮೊಕದ್ದಮೆ ಹೂಡಿತು. ಬೇಡಿಕೆಯ ಲಾಭ ಪಡೆದು ದರ ಏರಿಸುವ ಪದ್ಧತಿಯ ಬಿಸಿ ಅದೇ ವರ್ಷದ ಆಗಸ್ಟಿನಲ್ಲಿ ಬ್ರಿಟನ್ನಿನ ಒಯಾಸಿಸ್ ಬ್ಯಾಂಡಿನ ಅಭಿಮಾನಿಗಳಿಗೆ ತಟ್ಟಿತು. ಗಂಟೆಗಟ್ಟಲೆ ಸರದಿಯಲ್ಲಿ ಕಾದವರು ಕೊನೆಗೆ ತಮ್ಮೆದುರು ಕಂಡದ್ದು ಮೊದಲು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಬೆಲೆಯನ್ನು. ಹಬ್ಬದ ಸಮಯದಲ್ಲಿ ಊರಿಗೆ ಬರುವ ನಮ್ಮ ಬಸ್ಸಿನ ದರ ಏರುವುದೂ ಇದೇ ಲೆಕ್ಕಾಚಾರದಿಂದಲೇ. ಹೆಚ್ಚು ಆಸೆ ಇರುವವನಿಂದ ಹೆಚ್ಚು ಕೀಳುವುದು ಇದರ ಮೂಲಸೂತ್ರ. ಸಂಗೀತದಲ್ಲಿ ಹೆಚ್ಚು ಆಸೆ ಇರುವವನು ಯಾವಾಗಲೂ ಹೆಚ್ಚು ಹಣ ಇರುವವನಾಗಿರುವುದಿಲ್ಲ, ಇದು ಸಂಗೀತ ಕೇಳುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಕಲಾವಿದರು ಮನಸ್ಸು ಮಾಡಿದರೆ ತಡೆಯಬಹುದು ಎಂಬುದಕ್ಕೆ ಉದಾಹರಣೆಗಳಿವೆ. ಬ್ರಿಟನ್ನಿನ ದಿ ಕ್ಯೂರ್ ತಂಡ 2023ರ ಅಮೆರಿಕ ಪ್ರವಾಸದಲ್ಲಿ ಕೆಲವು ಟಿಕೆಟ್‌ಗಳನ್ನು 20 ಡಾಲರಿಗೇ ಇರಿಸಿ, ಬೇಡಿಕೆಯ ಮೇಲೆ ಏರುವ ದರ ಬೇಡವೆಂದು ಪಟ್ಟು ಹಿಡಿಯಿತು. ಆದರೂ ಶುಲ್ಕಗಳು ಸೇರಿ ಟಿಕೆಟ್‌ನ ಬೆಲೆಗಿಂತ ಶುಲ್ಕವೇ ಹೆಚ್ಚಾದ ಬಿಲ್ಲುಗಳನ್ನು ಅಭಿಮಾನಿಗಳು ತೋರಿಸಿದಾಗ ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಪ್ರತಿಭಟಿಸಿದರು. ಟಿಕೆಟ್‌ಮಾಸ್ಟರ್ ಪ್ರತಿ ಟಿಕೆಟ್‌ಗೆ 5ರಿಂದ 10 ಡಾಲರ್ ಹಿಂದಿರುಗಿಸಬೇಕಾಯಿತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಟಿಕೆಟ್‌ಗಾಗಿ ಮೊದಲೇ ಭಾವಚಿತ್ರ ಸಹಿತ ನೋಂದಾಯಿಸಿಕೊಳ್ಳಬೇಕು, ಇನ್ನೊಬ್ಬರಿಗೆ ಮಾರುವಂತಿಲ್ಲ. ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸುವುದಾಗಿ ಬ್ರಿಟನ್ ಸರಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಸಿನಿಮಾ ಟಿಕೆಟ್‌ಗೆ 200 ರೂಪಾಯಿಯ ಮಿತಿ ಹಾಕುವ ಪ್ರಯತ್ನ 2025ರಲ್ಲಿ ನಡೆದು ಹೈಕೋರ್ಟಿನಲ್ಲಿ ತಡೆಯಾಯಿತು. ಸಂಗೀತದ ಟಿಕೆಟ್ ಬಗ್ಗೆ ಅಂತಹ ಚರ್ಚೆ ಕೂಡ ವಿಧಾನಸಭೆಯಲ್ಲಿ ಆದದ್ದು ನನ್ನ ಗಮನಕ್ಕೆ ಬಂದಿಲ್ಲ.

ನಮ್ಮಲ್ಲಿ ನಡುವಿನ ಟಿಕೆಟ್ ಎಂಬುದು ಹೊರಗಿನಿಂದ ತರಬೇಕಾದ ಸಂಗತಿಯಲ್ಲ. ಯಕ್ಷಗಾನದ ಟೆಂಟ್ ಮೇಳಗಳು ಊರೂರಿಗೆ ಹೋಗಿ ಡೇರೆ ಹಾಕುತ್ತಿದ್ದಾಗ ನೆಲಕ್ಕೊಂದು ದರ, ಕುರ್ಚಿಗೊಂದು ದರ, ಆರಾಮ ಕುರ್ಚಿಗೊಂದು ದರ ಇತ್ತು. ಆರಾಮ ಕುರ್ಚಿಯವರು ಕೊಟ್ಟ ಹಣ ನೆಲದವರ ದರವನ್ನು ಕೆಳಗಿರಿಸುತ್ತಿತ್ತು. ಭಾಗವತರ ಪದ್ಯ ಇಬ್ಬರಿಗೂ ಒಂದೇ. ಮಂಗಳೂರಿನ ಕೊಂಕಣಿ ಸಂಗೀತದ 'ನೈಟ್'ಗಳ ಕಥೆಯೂ ಹೀಗೆಯೇ. 'ಕೊಂಕಣ ಕೋಗಿಲೆ' ಎಂದು ಜನ ಕರೆದ ವಿಲ್ಫಿ ರೆಬಿಂಬಸ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ದಶಕಗಳ ಕಾಲ ನಡೆಸಿದ 'ವಿಲ್ಫಿ ನೈಟ್'ಗಳು ಮಂಗಳೂರಿನಲ್ಲಷ್ಟೇ ಅಲ್ಲದೆ ಮುಂಬೈ ಮತ್ತು ಗಲ್ಫ್ ನಾಡುಗಳಲ್ಲೂ ನಡೆದವು. ಇಂತಹ ನೈಟ್‌ಗಳ ಟಿಕೆಟ್ ಪುಸ್ತಕಗಳನ್ನು ಚರ್ಚಿನ ಯುವಜನರು ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾರುತ್ತಿದ್ದ ದೃಶ್ಯ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ: ಒಂದೊಂದು ದರಕ್ಕೆ ಒಂದೊಂದು ಬಣ್ಣದ ತೆಳು ಕಾಗದ, ಹರಿದುಕೊಡುವ ಕಡೆ ಚುಕ್ಕಿಗೆರೆ, ಪುಸ್ತಕದಲ್ಲೇ ಉಳಿಯುವ ತುಂಡಿನ ಮೇಲೆ ಕೊಂಡವರ ಹೆಸರು. ಮಾರುವವನಿಗೆ ಕೊಳ್ಳುವವನ ಮುಖ ಗೊತ್ತಿತ್ತು. ಆ ಹಣದಿಂದ ಹಾಡುವವರಿಗೂ ನುಡಿಸುವವರಿಗೂ ಸಂಭಾವನೆ ಸಿಗುತ್ತಿತ್ತು, ಹೊಸ ಹಾಡುಗಳು ಹುಟ್ಟುತ್ತಿದ್ದವು.

ಈಗ ಕಷ್ಟವಾಗಿರುವುದು ಈ ಮಾದರಿಯನ್ನು ಮುಂದುವರಿಸುವುದು. ಒಂದೆಡೆ ದಾನಿಗಳ ಹಣದಿಂದ ನಡೆಯುವ ಉಚಿತ ಕಾರ್ಯಕ್ರಮಗಳು ನಮಗೆ ಅಭ್ಯಾಸವಾಗಿವೆ. ಅವುಗಳಿಗೆ ನಾನು ಕೃತಜ್ಞ. ವಿರಾಸತ್‌ನ ಬಯಲಿನಲ್ಲಿ ಕೂತು ಕೇಳಿ ಸಂಗೀತಕ್ಕೆ ಒಲಿದ ಮಕ್ಕಳು ಈ ಜಿಲ್ಲೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ, ಪರ್ಯಾಯದ ದಿನಗಳಲ್ಲಿ ಉಡುಪಿಯ ರಥಬೀದಿಗೆ ಬಂದವರು ದಾಟಿಹೋಗುವಾಗ ನಿಂತು ಕೇಳಿಯೇ ರಾಗ ಗುರುತಿಸಲು ಕಲಿತದ್ದೂ ಉಂಟು. ಆದರೆ ಯಾರಾದರೂ ಮಂಗಳೂರಿನ ಪುರಭವನದಲ್ಲಿ ಕಛೇರಿ ಏರ್ಪಡಿಸಿ 300 ರೂಪಾಯಿಯ ಟಿಕೆಟ್ ಇಟ್ಟರೆ, ಮೊದಲು ಬರುವ ಫೋನ್ "ಪಾಸ್ ಉಂಟಾ ಮಾರಾಯ್ರೆ?" ಎಂದೇ. ಕೇಳುವವರು ಬಡವರೇನಲ್ಲ, ಹೋಟೆಲಿನಲ್ಲಿ ಒಂದು ಊಟಕ್ಕೆ ಅದಕ್ಕಿಂತ ಹೆಚ್ಚು ಕೊಡುವವರೇ. ಹಾಲ್‌ನ ಬಾಡಿಗೆ, ಸೌಂಡ್ಸ್, ಪಕ್ಕವಾದ್ಯದವರ ಪ್ರಯಾಣ ಇವೆಲ್ಲ ಟಿಕೆಟ್‌ನಿಂದಲೇ ಹುಟ್ಟಬೇಕಾದಾಗ ಸಂಘಟಕರು ಒಂದೆರಡು ಸಲ ಪ್ರಯತ್ನಿಸಿ, ಮತ್ತೆ ಪ್ರಾಯೋಜಕರ ಬಾಗಿಲಿಗೆ ಹೋಗುತ್ತಾರೆ. ಪ್ರಾಯೋಜಕರು ಕೇಳುವುದು ದೊಡ್ಡ ಹೆಸರನ್ನು. ಮೃದಂಗ, ವಯಲಿನ್, ಕೀಬೋರ್ಡ್ ನುಡಿಸಿ ಬದುಕುವ ನಮ್ಮ ಊರಿನ ಕಲಾವಿದರಿಗೆ ಅಲ್ಲಿ ಅವಕಾಶ ಕಡಿಮೆ.

ಚೆನ್ನೈಯ ಡಿಸೆಂಬರ್ ಕಛೇರಿಗಳ ವ್ಯವಸ್ಥೆ ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯದ್ದು. ಅಲ್ಲಿ ಅನೇಕ ಸಭೆಗಳಲ್ಲಿ ಮಧ್ಯಾಹ್ನದ ಹೊತ್ತಿನ ಎಳೆಯ ಕಲಾವಿದರ ಕಛೇರಿ ಉಚಿತ, ಸಂಜೆಯ ಹಿರಿಯರ ಕಛೇರಿಗೆ ಟಿಕೆಟ್, ಅದರಲ್ಲೂ ಹಿಂದಿನ ಸಾಲಿನದು ಕೈಗೆಟಕುವಂಥದ್ದು. ಕೇಳುಗ ಉಚಿತದಿಂದ ಟಿಕೆಟ್‌ಗೆ ತಾನಾಗಿಯೇ ದಾಟುತ್ತಾನೆ. ಉಡುಪಿ, ಮಂಗಳೂರಿನ ಸಂಗೀತ ಸಂಸ್ಥೆಗಳು ಇದನ್ನು ಮಾಡಲು ಸಾಧ್ಯವಿದೆ. ಬಾಗಿಲಲ್ಲೇ ಕಾಲೇಜಿನ ಗುರುತುಚೀಟಿ ತೋರಿಸಿದವರಿಗೆ 100 ರೂಪಾಯಿಯ ಟಿಕೆಟ್ ಕೊಟ್ಟರೆ ಮಣಿಪಾಲ, ಸುರತ್ಕಲ್, ಕೊಣಾಜೆಗಳಿಂದ ಹುಡುಗರು ಬಸ್ಸು ಹತ್ತಿ ಬರುತ್ತಾರೆ.

ಸರಕಾರ ಇದಕ್ಕೆ ಒದಗಿಸಬಹುದಾದ ಒಂದು ನೆರವು ಬಹಳ ಸರಳವಾದದ್ದು. ಸಂಗೀತ ಕಾರ್ಯಕ್ರಮದ ಪ್ರವೇಶದರ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಮೀರಿದರೆ ಪೂರ್ತಿ ಮೊತ್ತಕ್ಕೆ 18% ಬೀಳುತ್ತದೆ. ಈ ಮಿತಿಯನ್ನು 250ರಿಂದ 500ಕ್ಕೆ ಏರಿಸಿದ್ದು 2018ರ ಜನವರಿಯಲ್ಲಿ. ಅಲ್ಲಿಂದೀಚೆಗೆ ಹಾಲ್ ಬಾಡಿಗೆ, ಡೀಸೆಲ್, ಕಲಾವಿದರ ಪ್ರಯಾಣವೆಚ್ಚ ಎಲ್ಲವೂ ಏರಿವೆ. ಮುಂದಿನ ಸಾಲಿಗೆ 600 ರೂಪಾಯಿ ಇಟ್ಟು ಹಿಂದಿನ ಸಾಲನ್ನು 150ಕ್ಕೆ ಕೊಡೋಣ ಎಂದು ಲೆಕ್ಕ ಹಾಕುವ ಸಣ್ಣ ಸಂಘಟಕ ಆ 600ರ ಮೇಲೆ 108 ರೂಪಾಯಿ ತೆರಿಗೆ ಕೂಡಿಸಬೇಕಾಗುತ್ತದೆ, ಇಲ್ಲವಾದರೆ 500ಕ್ಕೆ ನಿಲ್ಲಿಸಿ ಹಿಂದಿನ ಸಾಲಿನ ದರವನ್ನು ಏರಿಸಬೇಕಾಗುತ್ತದೆ. ವಿನಾಯಿತಿಯ ಮಿತಿಯನ್ನು 1,000 ರೂಪಾಯಿಗೆ ಏರಿಸಿದರೆ ಮೈದಾನದ ಭಾರಿ ಕಾರ್ಯಕ್ರಮಗಳ ಹೆಚ್ಚಿನ ಟಿಕೆಟ್‌ಗಳಿಂದ ಬರುವ ತೆರಿಗೆಗೆ ಧಕ್ಕೆಯಾಗದು, ನಮ್ಮ ಹಾಲ್‌ಗಳ ಹಿಂದಿನ ಸಾಲುಗಳು 150 ರೂಪಾಯಿಯಲ್ಲೇ ಉಳಿಯುತ್ತವೆ. ಜಿಎಸ್‌ಟಿ ಮಂಡಳಿಯಲ್ಲಿ ಕೂರುವ ನಮ್ಮ ರಾಜ್ಯದ ಪ್ರತಿನಿಧಿಗಳ ಮುಂದೆ ಈ ಬೇಡಿಕೆಯನ್ನು ಇಡುವ ಕೆಲಸವನ್ನು ಇಲ್ಲಿನ ಸಂಗೀತ ಸಂಸ್ಥೆಗಳು ಒಟ್ಟಾಗಿ ಮಾಡಬೇಕು, ಮನವಿಗೆ ಸಹಿ ಹಾಕಲು ಮತ್ತು ಸಹಿ ಸಂಗ್ರಹಿಸಲು ನಾನು ಸಿದ್ಧನಿದ್ದೇನೆ.