ರೂತ್ ಇವಾನ್ಸ್ ನೆನಪಿಟ್ಟ ಹಾಡುಗಳು
ವೇಲ್ಸ್‌ನ ಕವಿಗಳು ಹಾಗೂ ಬೋಧಕರ ಪೈಕಿ ನನ್ನನ್ನು ಹೆಚ್ಚು ಸೆಳೆದವರು ಆ್ಯನ್ ಗ್ರಿಫಿತ್ಸ್. 1776ರಲ್ಲಿ ಡೋಲ್ವಾರ್ ವಾಖ್ ಎಂಬ ಒಕ್ಕಲುಮನೆಯಲ್ಲಿ ಹುಟ್ಟಿ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕರ ಮಾತಿಗೆ ಮನಸೋತು, ವೆಲ್ಷ್ ಭಾಷೆಯಲ್ಲಿ ಭಕ್ತಿಗೀತೆಗಳನ್ನು ಕಟ್ಟಿದ ಅವರು 1805ರಲ್ಲಿ ಹೆರಿಗೆಯ ಬಳಿಕ ತೀರಿಕೊಂಡಾಗ ವಯಸ್ಸು ಕೇವಲ 29. ಅವರದೇ ಕೈಬರಹದಲ್ಲಿ ಉಳಿದಿರುವುದು ಒಂದು ಪತ್ರ ಮತ್ತು ಅದರೊಳಗಿನ ಒಂದು ಪದ್ಯ ಮಾತ್ರ. ಮಿಕ್ಕ ಗೀತೆಗಳು ಉಳಿದದ್ದು ಮನೆಗೆಲಸದ ರೂತ್ ಇವಾನ್ಸ್ ಅವರ ಕಂಠದಲ್ಲಿ. ಓದುಬರಹ ಬಾರದ ಆಕೆ ನೆನಪಿನಿಂದ ಹೇಳಿದ್ದನ್ನು ಪತಿ, ಬೋಧಕ ಜಾನ್ ಹ್ಯೂಸ್ ಬರೆದುಕೊಂಡರು. 1806ರಿಂದ ಅವು ಅಚ್ಚಾಗತೊಡಗಿದವು. ಹುತ್ತರಿಯ ದಿನಗಳಲ್ಲಿ ದುಡಿ ಬಾರಿಸುತ್ತ, ಪುಸ್ತಕ ನೋಡದೆ, ಸಾಲಿಗೆ ಸಾಲು ಜೋಡಿಸಿ ಹಾಡುವ ಹಿರಿಯರನ್ನು ಕಂಡಿರುವ ಕೊಡಗಿನ ನಮಗೆ ಇದು ನಂಬಲಾಗದ ಸಂಗತಿಯೇನಲ್ಲ. ಕವಯಿತ್ರಿಯ ಹೆಸರಿನ ಪಕ್ಕದಲ್ಲಿ ರೂತ್ ಹೆಸರನ್ನೂ ಅಚ್ಚು ಹಾಕಬೇಕೆಂಬುದು ನನ್ನ ಹಟ.