ಮಕ್ಕಳೊಂದಿಗೆ ಕಡವು ದಾಟಿ ತಣ್ಣೀರುಬಾವಿಗೆ

ಮಂಗಳೂರಿನಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಒಂದಿಷ್ಟು ನಡೆದು ಬರಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ತಣ್ಣೀರುಬಾವಿಯನ್ನು. ಅದೂ ಸುಲ್ತಾನ್ ಬತ್ತೇರಿಯ ಕಡವಿನಿಂದ ದೋಣಿಯಲ್ಲಿ ಹೋಗುವ ದಾರಿಯನ್ನು. ಕೂಳೂರು ಸೇತುವೆ ದಾಟಿ ಕಾರಿನಲ್ಲೇ ಕಡಲತೀರ ತಲುಪಬಹುದಾದರೂ, ಒಂದು ಬದಿಗೆ ಗುರುಪುರ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಇರುವ ಆ ಕಿರಿದಾದ ಮರಳುನೆಲದ ಸೊಗಸು ಮಕ್ಕಳಿಗೆ ತಿಳಿಯುವುದು ನದಿಯನ್ನು ದಾಟಿ ನಡೆದಾಗಲೇ.

ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಇದಕ್ಕೆ ಹಿತವಾದವು. ಆಗಲೂ ನಮ್ಮ ಕರಾವಳಿಯ ಸೆಕೆಗೆ ಮಕ್ಕಳು ಬೇಗ ಬಳಲುತ್ತಾರಾದ್ದರಿಂದ ಸಂಜೆ ನಾಲ್ಕರ ಮೊದಲು ಹೊರಡುವುದು ಬೇಡ. ಗುರುಪುರ ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ, ಅಂದರೆ ಬತ್ತೇರಿ, ಕಡವಿನ ಹತ್ತಿರವೇ ಇದೆ; ಮೆಟ್ಟಿಲು ಹತ್ತುವಾಗ ಮಕ್ಕಳ ಕೈ ಬಿಡದಿದ್ದರೆ ಸಾಕು. ದೋಣಿ ಪ್ರಯಾಣ ಕೆಲವೇ ನಿಮಿಷಗಳದ್ದು. ಮೀನಿಗಾಗಿ ನೀರಿನ ಮೇಲೆ ಸುತ್ತುವ ಗರುಡಗಳನ್ನು ಅಷ್ಟರಲ್ಲೇ ತೋರಿಸಬಹುದು.

ಆಚೆ ದಡದಿಂದ ಕಡಲವರೆಗಿನ ದಾರಿ ದೊಡ್ಡವರಿಗೆ ಏನೂ ಅಲ್ಲ, ಆದರೆ ನಾಲ್ಕು ವರ್ಷದ ಮಗುವಿಗೆ ಅದೇ ಒಂದು ಪೂರ್ಣ ನಡಿಗೆ. ಗಾಳಿಮರದ ಪುಟ್ಟ ಕಾಯಿಗಳನ್ನು ಹೆಕ್ಕುತ್ತಾ ಮಗು ಕುಳಿತುಬಿಟ್ಟರೆ ದಯವಿಟ್ಟು ಅವಸರಪಡಿಸಬೇಡಿ. ನಮ್ಮ ಮಕ್ಕಳಂತೂ ಹೆಚ್ಚು ಹೊತ್ತು ಕಳೆದದ್ದು ಏಡಿಯ ಬಿಲಗಳ ಬಳಿ: ಬಿಲದಿಂದ ಸ್ವಲ್ಪ ದೂರದಲ್ಲಿ ಅಲುಗಾಡದೆ ಕುಳಿತರೆ ಮೊದಲು ಕಡ್ಡಿಯಂತಹ ಕಣ್ಣುಗಳು, ಆಮೇಲೆ ಒಂದು ತೆಕ್ಕೆ ಮರಳನ್ನು ಹೊತ್ತ ಮರಳಿನ ಬಣ್ಣದ್ದೇ ಏಡಿ ಹೊರಬಂದು, ಮರಳನ್ನು ಎಸೆದು ಮತ್ತೆ ಒಳಸೇರುವುದನ್ನು ನೋಡಬಹುದು. ಸುಮ್ಮನಿರಿ ಎಂದು ಎಷ್ಟು ಹೇಳಿದರೂ ಕೇಳದ ಮಕ್ಕಳು ಅಲ್ಲಿ ತಾವಾಗಿಯೇ ಸುಮ್ಮನಾಗುತ್ತಾರೆ. ಬಿಲಕ್ಕೆ ಕೋಲು ತುರುಕಬಾರದೆಂದು ಮಾತ್ರ ಮೊದಲೇ ತಿಳಿಸಿಡಿ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಅಗಲವಾಗಿ ತೆರೆದುಕೊಂಡು ನಡೆಯಲು ಗಟ್ಟಿಯಾಗಿರುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಹೊರಡುವ ದಿನದ ಭರತ-ಇಳಿತದ ಸಮಯವನ್ನು ನೋಡಿಕೊಳ್ಳಬೇಕು.

ಕಡಲು ಶಾಂತವಾಗಿ ಕಂಡರೂ ಮಕ್ಕಳನ್ನು ಪಾದ ಮುಳುಗುವುದಕ್ಕಿಂತ ಹೆಚ್ಚು ನೀರಿಗೆ ಬಿಡಬೇಡಿ, ಮತ್ತು ಅವರನ್ನು ನೋಡಿಕೊಳ್ಳುವವರು ಆ ಹೊತ್ತು ಮೊಬೈಲ್ ಹಿಡಿಯುವುದು ಬೇಡ. ಕುಡಿಯುವ ನೀರು, ಬಾಳೆಹಣ್ಣು, ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಅದೇ ಸಂಜೆ ಪಣಂಬೂರು ಕಡಲತೀರವನ್ನೂ ನೋಡಿ ಮುಗಿಸುವ ಯೋಜನೆಯನ್ನು ಬಿಡುವುದೇ ಲೇಸು.

ಮಳೆಗಾಲದಲ್ಲಿ ದೋಣಿ ನಿಲ್ಲುವುದುಂಟು, ವಿಚಾರಿಸಿಯೇ ಹೊರಡಿ. ಉಳಿದ ದಿನಗಳಲ್ಲೂ ಮರಳುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ದೋಣಿಯವರನ್ನು ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ದಣಿದ ಮಕ್ಕಳೊಂದಿಗೆ ರಿಕ್ಷಾದಲ್ಲಿ ಕೂಳೂರು ಸುತ್ತಿ ಬರಬೇಕಾಗುತ್ತದೆ.